ಗುಂಡುಕಲ್ಲಿನ ಕರೆ

ಹಸುಗೂಸುಗಳನ್ನು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಏಕೆ ತರುತ್ತಾರೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಒಂದು ಲೋಟ ಚಹಾ ತರಿಸುತ್ತೇನೆ. ಉತ್ತರ ಅಷ್ಟು ಉದ್ದವಿದೆ. ಬಿಕ್ಕಳಿಕೆ ನಿಲ್ಲಲಿಲ್ಲ ಎಂದು ತರುತ್ತಾರೆ. ಪಕ್ಕದ ಮನೆಯ ಕೂಸಿಗೆ ಬರುವ ಬಿಕ್ಕಳಿಕೆ ನಮ್ಮದಕ್ಕೆ ಬರಲೇ ಇಲ್ಲವಲ್ಲ ಎಂದೂ ತರುತ್ತಾರೆ. ನೆತ್ತಿ ಮಿಡಿಯುತ್ತದೆ, ಸೀನಿತು, ಹಸಿರು ಕಕ್ಕ ಮಾಡಿತು, ನಿದ್ದೆಯಲ್ಲಿ ನಕ್ಕಿತು. ಒಮ್ಮೆ ಒಬ್ಬ ಅಪ್ಪ ಬೆವರು ಸುರಿಸುತ್ತ ಓಡಿ ಬಂದು, "ಡಾಕ್ಟ್ರ, ಕೂಸು ಒಂದ ಸವನ ನನ್ನ ಮಾರಿನ ನೋಡಾಕತ್ತೈತ್ರಿ" ಎಂದ. "ನೋಡಲಿ ಬಿಡೋ ಮಾರಾಯಾ, ಜೀವನಪೂರ್ತಿ ಅದ ಮುಖಾ ನೋಡೂದೈತಿ, ಈಗಿಂದ ರೂಢಿ ಮಾಡ್ಕೊಳ್ಳಾಕತ್ತೈತಿ" ಎಂದು ಕಳಿಸಿದೆ.

ನಾನು ಬೈಯುತ್ತಿದ್ದೆ, ನಿಜ. ಗದಗಿನಲ್ಲಿ ನೀಲಾಂಬಿಕಾ ಮುಳಗುಂದ ಎಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, 'ಬೈಯೋ ಡಾಕ್ಟರ್' ಎಂದರೆ ರಿಕ್ಷಾದವರು ನೇರ ನನ್ನ ಬಾಗಿಲಿಗೆ ತಂದು ಬಿಡುತ್ತಾರೆ. ಆದರೆ ಬೈಯುತ್ತಲೇ ಪ್ರತಿ ಕೂಸನ್ನೂ ಬಟ್ಟೆ ಬಿಚ್ಚಿ, ಅಂಗಾಲಿನಿಂದ ನೆತ್ತಿಯವರೆಗೆ ನೋಡುತ್ತಿದ್ದೆ. ಆ ಗದ್ದಲದಲ್ಲಿ ನಿಜವಾಗಿ ಜಡ್ಡಾದ ಕೂಸೂ ಇರುತ್ತಿತ್ತು. ಅದು ಸಾಮಾನ್ಯವಾಗಿ ಅಳುತ್ತಿರಲಿಲ್ಲ.

ಆಮೇಲೆ ಉಡಿದಾರ ಬಂತು.

ನಮ್ಮಲ್ಲಿ ಕೂಸಿನ ಸೊಂಟಕ್ಕೆ ಕರಿಯ ಉಡಿದಾರ ಕಟ್ಟುವುದು ಹೊಸದಲ್ಲ. ಈ ದಾರ ಮಾತ್ರ ಹೊಸದು. ನೂಲಿನೊಳಗೆ ಕೂದಲೆಳೆಯಂಥ ತಂತಿಗಳು. ಉಸಿರಾಡಿದಾಗ ಹೊಟ್ಟೆ ಎಷ್ಟು ಏರಿತು, ಮೈ ಎಷ್ಟು ಬೆಚ್ಚಗಿದೆ, ಎದೆ ಹೇಗೆ ಬಡಿಯುತ್ತಿದೆ ಎಂಬುದನ್ನೆಲ್ಲ ಅವು ಓದುತ್ತವೆ. ನಡುವೆ ಕಡಲೆಯಷ್ಟು ದೊಡ್ಡ ಮಣಿ. ಎಲ್ಲ ನೆಟ್ಟಗಿದ್ದರೆ ಮಣಿ ಹಸಿರು. ಸ್ವಲ್ಪ ಏರುಪೇರಾದರೆ ಹಳದಿ. ಕೆಂಪಾದರೆ ಸುದ್ದಿ ತಾನೇ ನಮ್ಮ ನಿಯಂತ್ರಣ ಕೋಣೆಗೆ ಬರುತ್ತದೆ, ಕೂಸಿಗಾಗಿ ಆಂಬುಲೆನ್ಸ್ ಗಾಡಿ ಹೊರಡುತ್ತದೆ. ಸ್ನಾನಕ್ಕೆಂದು ಕೊಂಡಿ ಬಿಚ್ಚಿದರೆ ದಾರ ಸುಮ್ಮನಾಗುತ್ತದೆ. ಕೊಂಡಿ ಹಾಕಿದರೆ ಮತ್ತೆ ಓದಲು ಶುರು. ಸರಕಾರ ಅದನ್ನು ಹುಟ್ಟಿದ ಪ್ರತಿ ಕೂಸಿಗೂ ಆಸ್ಪತ್ರೆಯಲ್ಲೇ ಕಟ್ಟಿ ಕಳಿಸತೊಡಗಿತು.

ಹೇಳಬೇಕಾದ ಒಳ್ಳೆಯ ಮಾತನ್ನು ಮೊದಲು ಹೇಳಿಬಿಡುತ್ತೇನೆ. ದಾರ ಬಹಳ ಕೂಸುಗಳನ್ನು ಉಳಿಸಿತು. ನ್ಯುಮೋನಿಯಾದ ಕೂಸುಗಳು ಬುಸುಗುಟ್ಟುವ ಮೊದಲೇ ನಮ್ಮ ಕೈಗೆ ಬಂದವು. ಬಿಕ್ಕಳಿಕೆಯವರು ಮನೆಯಲ್ಲೇ ಉಳಿದರು. ನನ್ನ ಚಹಾ ಬಿಸಿಯಿರುವಾಗಲೇ ಕುಡಿಯುವ ಭಾಗ್ಯ ನನಗೆ ಬಂತು.

ಆದರೆ ಒಂದು ವಿಚಿತ್ರ ನಡೆಯಿತು. ಜನ ಕೂಸನ್ನು ನೋಡುವುದನ್ನು ಬಿಟ್ಟು ಮಣಿಯನ್ನು ನೋಡತೊಡಗಿದರು. ತೊಟ್ಟಿಲಲ್ಲಿ ಇಣುಕಿದವರು ಮೊದಲು ಅಂಗಿ ಎತ್ತಿ, "ಹಸರ ಐತಿ, ಛಲೋ ಐತಿ" ಎನ್ನುವರು. ತೂಕಡಿಸುವ ಕೂಸಿನ ಉಸಿರು ಸಮ, ಎದೆಬಡಿತ ಸಮ, ಮೈಬಿಸಿ ಸಮ. ಜಗತ್ತಿನಲ್ಲಿ ಮಲಗಿದ ಕೂಸಿನಷ್ಟು ಹಸಿರು ಕೂಸು ಇನ್ನೊಂದಿಲ್ಲ. ಈ ಮಾತನ್ನು ನಾನು ಸಭೆಗಳಲ್ಲಿ ಹೇಳಿದರೆ ಎಲ್ಲರೂ ನಕ್ಕು, ಮುಂದಿನ ವಿಷಯಕ್ಕೆ ಹೋಗುತ್ತಿದ್ದರು.

ಈಗ ಪಕ್ಕದ ಬೆಟಗೇರಿಯ ಒಂದು ಮನೆಗೆ ಬನ್ನಿ. ಅಲ್ಲಿ ನಡೆದದ್ದನ್ನು ದಾನೇಶ್ವರಿ ಆಮೇಲೆ ನನಗೆ ಹೇಳಿದ್ದು. ನಾನು ಸೇರಿಸಿದ್ದು ಏನೂ ಇಲ್ಲ.

ದಾನೇಶ್ವರಿ ಚೊಚ್ಚಲ ಬಾಣಂತಿ. ತಾಯಿ ಇಲ್ಲದ ಹುಡುಗಿ, ಅಜ್ಜಿ ಸಂಗವ್ವನ ಕೈಯಲ್ಲಿ ಬೆಳೆದವಳು. ಹೆರಿಗೆ ಆದದ್ದೂ, ಬಾಣಂತನ ನಡೆದದ್ದೂ ಅಜ್ಜಿಯ ಮನೆಯಲ್ಲೇ. ಅಂದು ಗಂಡುಕೂಸಿನ ತೊಟ್ಟಿಲ ಕಾರ್ಯ, ಹೆಸರಿಡುವ ದಿನ. ಗಂಡ ಈರಣ್ಣ, ಅವನ ತಾಯಿ, ಅಕ್ಕ, ಇಡೀ ಬೀಗರ ಪಡೆಯೇ ಹುಬ್ಬಳ್ಳಿಯಿಂದ ಗಾಡಿ ಮಾಡಿಕೊಂಡು ಬಂದಿತ್ತು. ಹಿತ್ತಲಲ್ಲಿ ಹೋಳಿಗೆಯ ಹೂರಣ ರುಬ್ಬುವ ಸದ್ದು, ಪಡಸಾಲೆಯಲ್ಲಿ ಸೀರೆಗಳ ಸರಬರ. ತುಂಬಿದ ಮನೆ.

ದಾನೇಶ್ವರಿಯ ಕಣ್ಣು ಮಾತ್ರ ಬೆಳಗಿನಿಂದ ಕೂಸಿನ ಮೇಲೆಯೇ. ಕೂಸು ಹಾಲಿಗೆ ಏಳುತ್ತಿಲ್ಲ. ಎಬ್ಬಿಸಿ ಎದೆಗೆ ಹಚ್ಚಿದರೆ ಎರಡು ಸಲ ಚೀಪಿ ಬಾಯಿ ಸಡಿಲ ಬಿಡುತ್ತದೆ. ಮೊನ್ನೆಯವರೆಗೆ ಕೈಬೆರಳು ಹಿಡಿದರೆ ಬಿಡದ ಹಟಮಾರಿ, ಇವತ್ತು ಮುಷ್ಟಿ ಕಟ್ಟುತ್ತಿಲ್ಲ. ಉಚ್ಚೆಯ ಬಟ್ಟೆಯ ಮೇಲೆ ಕರಿ ಚಹಾದಂಥ ಕಲೆ.

"ಆಯಿ, ಕೂಸು ಏಳವಲ್ದು ನೋಡು" ಎಂದು ಅಜ್ಜಿಗೆ ಹೇಳಿದಳು.

ಸಂಗವ್ವ ಉತ್ತರ ಕೊಡುವ ಮೊದಲೇ ಅತ್ತೆ ಅಂಗಿ ಎತ್ತಿ ಮಣಿ ನೋಡಿ, "ಹಸರ ಐತೆಲ್ಲವಾ! ಎಣ್ಣಿ ನೀರು ಹಾಕ್ಯಾರ, ಲೋಬಾನ ಹಾಕ್ಯಾರ, ಮಲಗದ ಏನ ಮಾಡತೈತಿ? ನೀನೂ ಒಂದೀಟು ಮಲಗಿದ್ರ ಈ ವಿಚಾರ ಬರೂದಿಲ್ಲ" ಎಂದು ನಕ್ಕರು. ಕೆಟ್ಟ ಹೆಂಗಸಲ್ಲ ಅತ್ತೆ. ಮಣಿಯನ್ನು ನಂಬಿದ್ದರು, ಅಷ್ಟೇ.

"ಮೈಯೆಲ್ಲಾ ಹಳದಿ ಕಾಣತೈತ್ರಿ."

"ಅರಿಶಿಣ ಹಚ್ಚಿದ್ರ ಹಳದಿ ಕಾಣದ ನೀಲಿ ಕಾಣತೈತೇನ?" ಎಂದು ಈರಣ್ಣನ ಅಕ್ಕ ಕೇಳಿದಾಗ ಪಡಸಾಲೆಯೆಲ್ಲ ನಕ್ಕಿತು.

ಗಂಡನನ್ನು ಕರೆದು ಹೇಳಿದಳು. ಅವನು ಅವಳ ತಲೆ ಸವರಿ, "ಹುಚ್ಚಿ, ಮಷೀನಿಗಿಂತ ನಿನಗ ಹೆಚ್ಚು ಗೊತ್ತೈತೇನ?" ಎಂದು ಪ್ರೀತಿಯಿಂದಲೇ ಕೇಳಿದ. ಅವಳು ಕೋಣೆಯ ಬಾಗಿಲು ಮುಚ್ಚಿಕೊಂಡು ನಮ್ಮ ಸಹಾಯವಾಣಿಗೆ ಫೋನು ಮಾಡಿದಳು. ಅಲ್ಲಿ ಮಾತಾಡುವುದು ಯಂತ್ರ. ಯಂತ್ರ ಅವಳ ಕೂಸಿನ ದಾರವನ್ನು ಓದಿ, ಸಿಹಿಯಾದ ದನಿಯಲ್ಲಿ, "ನಿಮ್ಮ ಮಗು ಆರೋಗ್ಯವಾಗಿದೆ. ಮಗುವನ್ನು ಎದೆಗವಚಿ ಹಾಲುಣಿಸಿ. ಶುಭದಿನ" ಎಂದಿತು. ಅವಳು ಮತ್ತೆ ಮಾಡಿದಳು. ಯಂತ್ರ ಮತ್ತೆ ಶುಭದಿನ ಹೇಳಿತು. ಬೀಗರ ಮುಂದೆ ಕೂಸನ್ನೆತ್ತಿಕೊಂಡು ಹೊಸ್ತಿಲು ದಾಟುವ ಧೈರ್ಯ ಅವಳಿಗಿರಲಿಲ್ಲ. ಹೆಸರಿಡುವ ಹೊತ್ತಿನಲ್ಲಿ ಬಾಣಂತಿ ದವಾಖಾನೆಗೆ ಓಡಿದಳು ಎಂದರೆ ಅಪಶಕುನ. ಆ ದೂರು ಅಜ್ಜಿಯ ತಲೆಯ ಮೇಲೆ ಬರುತ್ತದೆ. ಅತ್ತ ದರಿ, ಇತ್ತ ಪುಲಿ.

ನಮ್ಮ ಕಡೆ ತೊಟ್ಟಿಲಿಗೆ ಮೊದಲು ಹಾಕುವುದು ಕೂಸನ್ನಲ್ಲ, ಗುಂಡುಕಲ್ಲನ್ನು. ಒರಳಿನಲ್ಲಿ ರುಬ್ಬುವ ಆ ಕಲ್ಲನ್ನು ತೊಳೆದು, ಅರಿಶಿಣ ಕುಂಕುಮ ಹಚ್ಚಿ, ತಲೆಗೆ ಕೂಸಿನ ಕುಲಾವಿ ತೊಡಿಸಿ, ಮೈಗೆ ಕುಂಚಿಗೆ ಹೊದಿಸುತ್ತಾರೆ. ಕೂಸಿಗೆ ಏನೇನು ತೊಡಿಸುತ್ತಾರೋ ಅದೆಲ್ಲ ಮೊದಲು ಕಲ್ಲಿಗೆ. ದೃಷ್ಟಿ ಆದರೆ ಕಲ್ಲಿಗಾಗಲಿ, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಹೆಂಗಸರು ಎರಡು ಬದಿಗೆ ನಿಂತು ಕಲ್ಲನ್ನು ತೊಟ್ಟಿಲ ಕೆಳಗಿನಿಂದ ಒಬ್ಬರಿಗೊಬ್ಬರು ಕೊಟ್ಟು, ಮೇಲಿನಿಂದ ತೆಗೆದುಕೊಂಡು, ಹಾಡು ಹೇಳಿ, ಕಡೆಗೆ ಕಲ್ಲನ್ನು ತೆಗೆದು ಅದೇ ಕುಲಾವಿ, ಅದೇ ಕುಂಚಿಗೆಯನ್ನು ಕೂಸಿಗೆ ತೊಡಿಸಿ ಮಲಗಿಸುತ್ತಾರೆ. ಒಂದು ಹಾಡು ಮುಗಿಯುವುದರೊಳಗೆ ಕಲ್ಲಿನ ಕೆಲಸ ಮುಗಿಯುತ್ತದೆ.

ಉಡಿದಾರವೂ ತೊಡಿಗೆಯೇ ಅಲ್ಲವೆ? "ದಾರಾನೂ ಮೊದಲು ಕಲ್ಲಿಗೆ ಹಾಕ್ರೆವಾ" ಎಂದು ಯಾರೋ ಕೂಗಿದರು. ದಾನೇಶ್ವರಿಯೇ ಕೂಸಿನ ಸೊಂಟದಿಂದ ದಾರ ಬಿಚ್ಚಿ ಕಲ್ಲಿಗೆ ಸುತ್ತಿದಳು. ಕೊಂಡಿ ಹಾಕಬೇಕಾದ್ದಿರಲಿಲ್ಲ. ಸುಮ್ಮನೆ ಸುತ್ತಿದ್ದರೆ ದಾರ ಬಾಯಿ ಮುಚ್ಚಿಕೊಂಡಿರುತ್ತಿತ್ತು.

ಅವಳು ಕೊಂಡಿ ಹಾಕಿದಳು. ಮೇಲೆ ಕುಂಚಿಗೆ ಎಳೆದಳು.

ಅದೇ ಹೊತ್ತಿಗೆ ನಮ್ಮ ನಿಯಂತ್ರಣ ಕೋಣೆಯಲ್ಲಿ ನಾನು ಒಬ್ಬ ಅತಿಥಿಯ ಜತೆ ಜಗಳವಾಡುತ್ತಿದ್ದೆ. ಅತಿಥಿಯ ಹೆಸರು ಸುಧನ್ವ ಹೆಬ್ಬಾರ. ಉಡಿದಾರ ಯೋಜನೆಯ ಎಂಜಿನಿಯರು, ಕರಾವಳಿಯವನು, ಬಹಳ ಸಭ್ಯ. ಗಾಡಿಗಳು ಸುಳ್ಳು ಕರೆಗಳಿಗೆ ಓಡಾಡಿ ಸಾಕಾಗಿವೆ ಎಂದು ಅವನೊಂದು ಹೊಸ ಉಪಾಯ ತಂದಿದ್ದ. ಅದಕ್ಕೆ 'ಜರಡಿ' ಎಂದು ಹೆಸರು. ಅವನು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಹುಡುಗರು ದಾರವನ್ನು ಆಡಿನ ಮರಿಗೆ ಕಟ್ಟಿ ಗಾಡಿ ಕರೆಸಿದ್ದರು. ಲಕ್ಷ್ಮೇಶ್ವರದಲ್ಲಿ ಒಬ್ಬಳು ದಾರವನ್ನು ಕುಂಬಳಕಾಯಿಗೆ ಹಾಕಿ ಪರೀಕ್ಷಿಸಿದ್ದಳು. ನಮ್ಮ ಚಾಲಕ ಮೌಲಾಸಾಬ ಆ ಕುಂಬಳಕಾಯಿಯನ್ನು ತಂದು ಸಾರು ಮಾಡಿಸಿದ್ದ.

"ನೋಡಿ ಡಾಕ್ಟ್ರೇ," ಹೆಬ್ಬಾರ ಪ್ರತಿ ಕೂಸನ್ನೂ ಚುಕ್ಕಿಯಾಗಿ ತೋರಿಸುವ ನಕಾಶೆಯ ತೆರೆಯ ಮುಂದೆ ನಿಂತು ವಿವರಿಸಿದ, "ಮಗುವಿಗೆ ಏನಾದ್ರೂ ಆದ್ರೆ ಉಸಿರು ನಿಧಾನಕ್ಕೆ ಕೆಡ್ತದೆ, ಮೈ ನಿಧಾನಕ್ಕೆ ತಣ್ಣಗಾಗ್ತದೆ. ಇಳಿಜಾರು ಇರ್ತದೆ. ಒಮ್ಮೆಲೇ ಎಲ್ಲ ಸೊನ್ನೆ ಆದ್ರೆ ಅದು ಮಗು ಅಲ್ಲ. ಅಂಥ ಕರೆಯನ್ನು ಜರಡಿ ಹಿಡಿದು ಬಿಸಾಡ್ತದೆ. ಇವತ್ತು ಇಲ್ಲಿ ಸರಿಯಾದ್ರೆ ನಾಡಿದ್ದಿನಿಂದ ಇಡೀ ರಾಜ್ಯಕ್ಕೆ."

"ಬಿಸಾಡೂದು ಯಾರನ್ನ ಕೇಳಿ?"

"ಯಾರನ್ನೂ ಕೇಳುವುದು ಬೇಡ. ಅದೇ ಅದರ ಚಂದ."

ನನಗೆ ಪಿತ್ತ ನೆತ್ತಿಗೇರಿತು. ಆದರೆ ಇಳಿಜಾರಿನ ತರ್ಕ ಸರಿಯಾಗಿಯೇ ಇತ್ತು.

ಆಗಲೇ ತೆರೆಯಲ್ಲಿ ಬೆಟಗೇರಿಯ ಮೇಲೊಂದು ಚುಕ್ಕಿ ಕೆಂಪಾಯಿತು. ಉಸಿರಿಲ್ಲ, ಎದೆಬಡಿತವಿಲ್ಲ, ಮೈ ನೆಲದಷ್ಟು ತಣ್ಣಗೆ. ನಾನು ಕುರ್ಚಿಯಿಂದ ಎದ್ದೆ. ಅಷ್ಟರಲ್ಲಿ ಚುಕ್ಕಿ ಬೂದಿಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ ಅಕ್ಷರ ಮೂಡಿತು: 'ಮಗು ಅಲ್ಲ. ಗಾಡಿ ಬೇಡ.'

"ಕಂಡಿರಾ!" ಹೆಬ್ಬಾರನ ಮುಖ ಅರಳಿತು. "ಕೇಳಿದ ಹಾಗೆ ಬಂತು. ಕಲ್ಲೋ ಮರವೋ ಏನೋ ಮಾರಾಯ್ರೆ ಅದು."

ಕಲ್ಲು ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ನಗು ಬಂತು. ತೆರೆಯ ಮೇಲೆ ಕೂಸು ಹುಟ್ಟಿದ ದಿನ ನೋಡಿದೆ. ಇವತ್ತಿಗೆ ಹದಿಮೂರನೆಯ ದಿನ, ಹೆಸರಿಡುವ ದಿನ. "ಅಯ್ಯ, ತೊಟ್ಟಿಲ ಕಾರ್ಯ ಐತ್ರಿ ಆ ಮನ್ಯಾಗ" ಎಂದು ಗುಂಡುಕಲ್ಲಿನ ಕತೆ ಹೇಳಿದೆ. ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಕಲ್ಲಿಗೆ ಕುಲಾವಿ! ಊರಿಗೆ ಹೋಗಿ ಹೆಂಡತಿಗೆ ಹೇಳಬೇಕು ಎಂದ. ಇಬ್ಬರಿಗೂ ಚಹಾ ಬಂತು. ಜಗಳ ಮುಗಿದಂತೆಯೇ ಆಯಿತು.

ಚಹಾ ಕುಡಿಯುತ್ತ ತೆರೆ ನೋಡಿದೆ. ಬೂದಿಚುಕ್ಕಿ ಹಾಗೆಯೇ ಇತ್ತು.

ಇಷ್ಟು ಹೊತ್ತಿಗೆ ಅದು ಹಸಿರಾಗಬೇಕಿತ್ತು. ಹಾಡು ಮುಗಿದಿರಬೇಕು, ಕಲ್ಲು ಹೋಗಿ ಕೂಸು ಬಂದಿರಬೇಕು. ನನ್ನ ಇಬ್ಬರು ಮಕ್ಕಳ ತೊಟ್ಟಿಲ ಕಾರ್ಯ ನಾನು ಕಂಡಿದ್ದೇನೆ, ಅಕ್ಕತಂಗಿಯರ ಮಕ್ಕಳದ್ದು ಕಂಡಿದ್ದೇನೆ. ಕಲ್ಲಿನ ಮೈಮೇಲಿನದನ್ನು ಯಾರೂ ಕಲ್ಲಿನ ಮೇಲೆ ಬಿಡುವುದಿಲ್ಲ. ಬಿಟ್ಟರೆ ಶಾಸ್ತ್ರವೇ ಪೂರ್ತಿಯಾಗುವುದಿಲ್ಲ.

"ಈ ಮನಿಯಿಂದ ಇವತ್ತ ಸಹಾಯವಾಣಿಗೆ ಏನರ ಫೋನ್ ಬಂದೈತೇನು ನೋಡ್ರಿ" ಎಂದೆ.

ಹೆಬ್ಬಾರ ಗುಂಡಿ ಒತ್ತಿದ. ಬಂದಿತ್ತು. ಬೆಳಗಿನಿಂದ ಎರಡು ಸಲ. ಬಾಣಂತಿಯ ದನಿ ಕೋಣೆಯಲ್ಲಿ ಕೇಳಿಸಿತು: "ಯವ್ವಾ, ಕೂಸು ಹಾಲಿಗೆ ಏಳವಲ್ದ್ರಿ. ಹಸರ ಐತಿ ಅಂತಾರ, ಖರೆ ನನಗ ಸಮಾಧಾನ ಇಲ್ರಿ." ಅದರ ಹಿಂದೆಯೇ ಯಂತ್ರದ ಶುಭದಿನ.

ನಾನು ಲೋಟ ಕೆಳಗಿಟ್ಟೆ.

"ಕಲ್ಲು ತಾನ ದಾರಾ ಕಟ್ಕೊಳ್ಳೂದಿಲ್ರಿ. ಯಾರೋ ಕಟ್ಯಾರ. ಯಾರೋ ಬಿಚ್ಚವಲ್ರು. ಅಕಿ ಮಾತು ನಾವು ಕೇಳಲಿಲ್ಲ, ಅದಕ್ಕ ಕಲ್ಲಿನ ಕಡಿಂದ ಹೇಳಿ ಕಳಿಸ್ಯಾಳ."

"ಅಥವಾ ಮರೆತಿದ್ದಾರೆ" ಎಂದ ಹೆಬ್ಬಾರ. ಅವನ ದನಿಯಲ್ಲಿ ಹಟವಿರಲಿಲ್ಲ. "ಹೋಗಿ ಅಲ್ಲಿ ಏನೂ ಇಲ್ಲದಿದ್ರೆ ಡಾಕ್ಟ್ರೇ, ನಿಮ್ಮ ಕೈಯಿಂದಲೇ ಜರಡಿ ಪಾಸಾದ ಹಾಗೆ. ಆಮೇಲೆ ಅದು ಬಿಸಾಡಿದ ಯಾವ ಕರೆಗೂ ನೀವು ಅಡ್ಡ ಬರ್ಲಿಕ್ಕಿಲ್ಲ."

"ಪಾಸಾಗಲಿ. ಮೌಲಾಸಾಬ, ಗಾಡಿ ತಗೀ!"

ನಾವು ಆ ಮನೆ ಮುಟ್ಟಿದಾಗ ಹಾಡು ಇನ್ನೂ ನಡೆದಿತ್ತು. ಎಂಥ ಹಾಡು ಅಂತೀರಿ! ಸಂಗವ್ವ ತೊಟ್ಟಿಲ ತಲೆಗಡೆ ಕೂತು, ಒಂದು ಮುಗಿದರೆ ಇನ್ನೊಂದು ಎತ್ತುತ್ತಿದ್ದಳು. ಬೀಗಿತಿಯರಿಗೆ ತಾಳ ಹಾಕಿ ಕೈ ನೋಯುತ್ತಿತ್ತು. ಹೆಸರು ಕೂಗಬೇಕಾದ ಸೋದರತ್ತೆ, ಈರಣ್ಣನ ಅಕ್ಕ, ಕೂಗಿದೊಡನೆ ಎಲ್ಲರೂ ಕೊಡುವ ಗುದ್ದನ್ನು ಬೆನ್ನಿಗೆ ತಿನ್ನಲು ಸಿದ್ಧಳಾಗಿ ಬಾಗಿ ನಿಂತು ನಿಂತು ಸೊಂಟ ಹಿಡಿದುಕೊಂಡಿದ್ದಳು. ತೊಟ್ಟಿಲಲ್ಲಿ ಕುಲಾವಿ ತೊಟ್ಟ ಗುಂಡುಕಲ್ಲು ಮಹಾರಾಜನ ಹಾಗೆ ಮಲಗಿತ್ತು. ಕುಂಚಿಗೆ ಸರಿಸಿದೆ. ಅದರ ಹೊಟ್ಟೆಯ ಮೇಲೆ ಮಣಿ ಕೆಂಪಗೆ ಉರಿಯುತ್ತಿತ್ತು.

ಗಾಡಿಯ ಸೈರನ್ನಿಗೆ ಓಡಿಬಂದಿದ್ದ ಈರಣ್ಣನ ಮುಖ ಬಿಳಚಿಕೊಂಡಿತ್ತು. ಕಲ್ಲಿನ ಮೇಲಿನ ದಾರ ಕಂಡದ್ದೇ ಎಲ್ಲರೂ ಗೊಳ್ಳೆಂದು ನಕ್ಕರು.

"ಅಯ್ಯ ನನ್ನ ಬುದ್ಧಿಗಿಷ್ಟು!" ಸಂಗವ್ವ ಹಣೆ ಚಚ್ಚಿಕೊಂಡಳು. "ದಾರಾ ಬಿಚ್ಚೂದು ಮರ್ತೆ ನೋಡ್ರಿ. ಮುದುಕಿ ಆದ್ನಿ. ಬಂದ್ದು ಬಂದೀರಿ, ಕುಂದರ್ರಿ ಡಾಕ್ಟ್ರ, ಹೋಳಿಗಿ ತಿಂದು ಹೋಗ್ರಿ."

"ಕಲ್ಲಿಗೆ ಜ್ವರಾ ಬಂದಾವೇನ್ರಿ?" ಎಂದು ಬೀಗರ ಕಡೆಯ ಒಬ್ಬರು ಕೇಳಿದರು. ಮೌಲಾಸಾಬ ಬಾಗಿಲಲ್ಲೇ ನಿಂತು, "ಕುಂಬಳಕಾಯಿ ಆತು, ಈಗ ಕಲ್ಲು" ಎಂದು ಗೊಣಗಿದ.

ನಾನು ಬಾಣಂತಿಯನ್ನು ನೋಡಿದೆ. ಅವಳು ನಗುತ್ತಿರಲಿಲ್ಲ. ಮೂಲೆಯ ಮಂಚದ ಮೇಲೆ ಕೂಸನ್ನು ಎದೆಗವಚಿಕೊಂಡು ಕೂತು, ನನ್ನ ಕಣ್ಣಿಗೆ ಕಣ್ಣು ಕೊಟ್ಟಳು. ಎಷ್ಟೋ ತಾಯಂದಿರ ಮುಖ ನೋಡಿದ್ದೇನೆ; ಆ ನೋಟ ನನಗೆ ಗೊತ್ತಿತ್ತು.

"ಹೋಳಿಗಿ ಆಮ್ಯಾಲ. ಬಂದೇನಲ್ಲ, ಕೂಸಿನ ಒಂದ ಸಲ ನೋಡತೇನಿ, ಕೊಡ್ರಿ ಇಲ್ಲೆ."

"ಇಷ್ಟೊತ್ತನಕ ಹಸರ ಇತ್ತಲ್ರಿ" ಎಂದರು ಅತ್ತೆ.

"ಮಣಿ ಹಸರ ಇತ್ರಿ. ನಾ ಕೂಸಿನ ಕೇಳಾಕತ್ತೇನಿ."

ಕೂಸನ್ನು ಕಿಟಕಿಯ ಬಿಸಿಲಿಗೆ ಒಯ್ದೆ. ತೋಳು ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಬಿತ್ತು. ಅರಿವೆ ತೋಯಿಸಿ ಹಣೆಯ ಅರಿಶಿಣ ಒರೆಸಿದೆ. ಒರೆಸಿದ ಕೆಳಗೂ ಹಳದಿಯೇ. ಮೂಗಿನ ತುದಿ ಒತ್ತಿ ಬಿಟ್ಟೆ. ಬೆರಳಿನ ಗುರುತು ಬೆಳ್ಳಗೆ ಮೂಡುವ ಬದಲು ಹಳದಿಯಾಗಿ ಮೂಡಿತು. ರೆಪ್ಪೆ ಬಿಡಿಸಿದೆ. ಕಣ್ಣಿನ ಬಿಳಿ, ಬಿಳಿಯಾಗಿ ಉಳಿದಿರಲಿಲ್ಲ. ಕಣ್ಣಿಗೆ ಯಾರೂ ಅರಿಶಿಣ ಹಚ್ಚುವುದಿಲ್ಲವಲ್ಲ. ಉಸಿರು, ಬಿಸಿ, ಎದೆಬಡಿತ, ಮೂರನ್ನೂ ಓದುವ ದಾರಕ್ಕೆ ಬಣ್ಣ ಕಾಣುವ ಕಣ್ಣಿರಲಿಲ್ಲ.

ಕೂಸಿಗೆ ಸುತ್ತಿದ್ದ ಇನ್ನೊಂದು ಕುಂಚಿಗೆಯನ್ನು ಮೂಗಿಗೆ ಹಿಡಿದೆ. ಹುಳು ಹಿಡಿಯದಂತೆ ಬಟ್ಟೆಯ ನಡುವೆ ಇಡುವ ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಹೊಡೆಯಿತು.

"ಈ ಅರಿವಿ ಎಲ್ಲೀದು?"

"ಮುತ್ತಜ್ಜೀ ಇಳಕಲ್ ಸೀರಿದ್ರಿ" ಎಂದಳು ದಾನೇಶ್ವರಿ. "ಟ್ರಂಕಿನ್ಯಾಗ ಇತ್ತು. ಹೆಸರಿಡೂತನಕ ಹೊಸ ಅರಿವಿ ತೊಡಸಬಾರದಂತ, ಅದರಾಗ ಎರಡು ಕುಂಚಿಗಿ ಹೊಲದು ನಾಕ್ ದಿನಾ ಆತ್ರಿ ಹೊಚ್ಚಾಕತ್ತು."

ಗೊತ್ತಾಯಿತು. ಕೆಲವು ಕೂಸುಗಳು ರಕ್ತದಲ್ಲಿ ಒಂದು ಸಣ್ಣ ಕೊರತೆ ಹೊತ್ತು ಹುಟ್ಟುತ್ತವೆ. ಬೇರೆಯವರಿಗೆ ಏನೂ ಮಾಡದ ಡಾಂಬರು ಗುಳಿಗೆಯ ಗಾಳಿ ಅವಕ್ಕೆ ವಿಷ. ರಕ್ತದ ಕಣಗಳು ಒಡೆಯುತ್ತವೆ, ಕಾಮಾಲೆ ಮೇಲಿಂದ ಮೇಲೆ ಏರುತ್ತದೆ, ಮೆದುಳಿಗೆ ಹತ್ತಿದರೆ ಇಳಿಯುವುದಿಲ್ಲ. ಪ್ರೀತಿಯಿಂದ ಎತ್ತಿಟ್ಟ ಸೀರೆ, ಪ್ರೀತಿಯಿಂದ ಹೊಲಿದ ಕುಂಚಿಗೆ, ಯಾರನ್ನು ಬೈಯಲಿ? ಬೈಯಲಿಲ್ಲ. ಎರಡೂ ಕುಂಚಿಗೆಗಳನ್ನು ಅಂಗಳಕ್ಕೆ ಎಸೆದು, ನನ್ನ ಸೆರಗಿನಲ್ಲಿ ಕೂಸನ್ನು ಸುತ್ತಿ, "ಬಾಣಂತಿ ಗಾಡಿ ಹತ್ತಲಿ" ಎಂದೆ.

"ಹೆಸರರ ಇಟ್ಟು..." ಎಂದು ಯಾರೋ ಅಂದರು.

"ಹೆಸರಿಡಾಕ ಕೂಸು ಇರಬೇಕಲ್ಲ!" ಎಂದು ನಾನು ಒದರಿದ್ದಕ್ಕೆ ಓಣಿಯ ನಾಯಿಗಳೂ ಸುಮ್ಮನಾದವು. ಎಲ್ಲರಿಗಿಂತ ಮೊದಲು ಓಡಿ ಗಾಡಿಯ ಬಾಗಿಲು ತೆಗೆದವರು ಅತ್ತೆ. ದಾರಿಯುದ್ದಕ್ಕೂ ಸೊಸೆಯ ಕೈ ಹಿಡಿದುಕೊಂಡು, "ನಾ ಕೇಳಲಿಲ್ಲ, ನಿನ್ನ ಮಾತು ನಾ ಕೇಳಲಿಲ್ಲ" ಎನ್ನುತ್ತಲೇ ಇದ್ದರು.

ಕೂಸಿನ ರಕ್ತ ಬದಲಾಯಿಸಿದೆವು. ನೀಲಿ ಬೆಳಕಿನ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದೆವು. ಇನ್ನೊಂದು ದಿನ ಹೋಗಿದ್ದರೆ ಈ ಕತೆಯನ್ನು ನಾನು ಹೇಳುತ್ತಿರಲಿಲ್ಲ. ಸಂಜೆಗೆ ಹೆಬ್ಬಾರ ವಾರ್ಡಿಗೆ ಬಂದು ಗಾಜಿನ ಆಚೆಯಿಂದ ಬಹಳ ಹೊತ್ತು ನೋಡಿದ. ಕೂಸಿನ ಸೊಂಟಕ್ಕೆ ನರ್ಸು ಹೊಸ ದಾರ ಕಟ್ಟಿದ್ದಳು. ಮಣಿ ಹಸಿರಾಗಿಯೇ ಇತ್ತು.

"ಈಗಲೂ ಹಸಿರು" ಎಂದ.

"ಬೆಳಗ್ಗೇನೂ ಹಸರ."



ಮರುದಿನ ಕೂಸು ಹಾಲಿಗಾಗಿ ಅತ್ತಿತು. ಏನು ಅಳು! ವಾರ್ಡಿನ ಗಾಜು ಅದುರಿತು. ದಾನೇಶ್ವರಿಯೂ ಅತ್ತಳು. ನನಗೂ ಕಣ್ಣು ತುಂಬಿತು. ಯಾರಿಗೂ ಕಾಣದಿರಲೆಂದು ನರ್ಸಿಗೆ ಯಾವುದೋ ಕಾರಣಕ್ಕೆ ಬೈದೆ. ಹೊಟ್ಟೆ ತುಂಬಿ ಕೂಸು ಮಲಗಿದ ಮೇಲೆ ದಾನೇಶ್ವರಿ ಮೆಲ್ಲಗೆ ಕೇಳಿದಳು:

"ಡಾಕ್ಟ್ರ, ನಾ ಸುಳ್ಳು ಕರೆ ಮಾಡಿದ್ನಲ್ರಿ. ಕೊಂಡಿ ನಾನ ಹಾಕಿದ್ನಿ. ಬೈತಾರೇನ್ರಿ?"

"ಬೈಯೂದು ನನ್ನ ಕೆಲಸ. ನಾ ಬೈಯೂದಿಲ್ಲ. ಮತ್ಯಾರು ಬೈತಾರ?" ಎಂದೆ. ಅವಳು ಮೊದಲ ಸಲ ನಕ್ಕಳು.

ಜರಡಿ ಇಡೀ ರಾಜ್ಯಕ್ಕೆ ಹೋಗಲಿಲ್ಲ. ಹೆಬ್ಬಾರನೇ ಅದನ್ನು ಹಿಂದಕ್ಕೆ ತೆಗೆದುಕೊಂಡ. ಅದರ ಬದಲು ದಾರಕ್ಕೆ ಅವನು ಒಂದು ಗಂಟು ಸೇರಿಸಿದ. ತಾಯಿಗೆ ಸಮಾಧಾನವಿಲ್ಲವೆಂದರೆ ಆ ಗಂಟು ಜಗ್ಗಿದರೆ ಸಾಕು. ಮಣಿ ಹಸಿರಿರಲಿ, ಯಂತ್ರ ಏನೇ ಹೇಳಲಿ, ಗಾಡಿ ಹೊರಡುತ್ತದೆ, ಒಬ್ಬ ಮನುಷ್ಯ ಬಂದು ಕೂಸನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಕಾರಣ ಕೇಳುವುದಿಲ್ಲ. ಹಾಗಾಗಿ ಬಿಕ್ಕಳಿಕೆಯವರು ಮತ್ತೆ ಬರತೊಡಗಿದ್ದಾರೆ. ನನ್ನ ಚಹಾ ಮತ್ತೆ ಆರುತ್ತಿದೆ. ನಾನು ಮತ್ತೆ ಬೈಯುತ್ತಿದ್ದೇನೆ, ಬೈಯುತ್ತಲೇ ಬಟ್ಟೆ ಬಿಚ್ಚಿ ನೋಡುತ್ತಿದ್ದೇನೆ. ಸುಖವಾಗಿದ್ದೇನೆ.

ಕೂಸು ಮನೆಗೆ ಹೋದ ಮೇಲೆ ನಿಂತುಹೋಗಿದ್ದ ತೊಟ್ಟಿಲ ಕಾರ್ಯವನ್ನು ಮತ್ತೆ ಮಾಡಿದರು. ನನಗೆ ಕರೆ ಬಂತು. ಹೋಗದೆ ಇರುತ್ತೇನೆಯೆ, ಹೋಳಿಗೆ ಬಾಕಿ ಇತ್ತು. ಈ ಸಲ ಕುಂಚಿಗೆ ಹೊಚ್ಚ ಹೊಸದು, ಅತ್ತೆಯೇ ಹೊಲಿಸಿ ತಂದದ್ದು. "ಶಾಸ್ತ್ರ ಹಾಳಾಗಿ ಹೋಗಲಿ" ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಗುಂಡುಕಲ್ಲಿಗೆ ಮಾತ್ರ ಎಂದಿನ ಮರ್ಯಾದೆ ಸಿಕ್ಕಿತು. ಕುಲಾವಿ ತೊಡಿಸಿದರು, ದಾರ ಸುತ್ತಿದರು.

ಸಂಗವ್ವ ನನ್ನ ಪಕ್ಕದಲ್ಲಿ ಕೂತಿದ್ದಳು. "ಆಯಿ, ಹಾಡು ಸಣ್ಣದು ಹೇಳ್ರಿ ಇವತ್ತ. ಅವತ್ತ ಮುಗಿಲಿಲ್ಲ ನಿಮ್ಮ ಹಾಡು" ಎಂದು ಕೆಣಕಿದೆ.

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಅವತ್ತ ದಾನಿ ಕೊಂಡಿ ಹಾಕಿದ್ದು ನಾ ನೋಡೇನ್ರಿ. ಮರ್ತಿಲ್ಲ ನಾ. ನನಗೂ ಮುಂಜಾನಿಂದ ಕೂಸಿನ ಮಾರಿ ನೋಡಿ ಜೀವಾ ಹಾರತಿತ್ತು, ಖರೆ ಬೀಗರ ಮುಂದ ಬಾಯಿ ಬರಲಿಲ್ಲ. ಹಾಡು ನಿಂತ್ರ ಕಲ್ಲು ತಗೀತಾರ, ದಾರಾ ಬಿಚ್ಚತಾರ. ಅದಕ್ಕ ನೀವು ಬರೂತನಕ ಹಾಡಿದೆ. ಗೊತ್ತಿದ್ದ ಹಾಡೆಲ್ಲಾ ಮುಗದ್ವು, ಆಮ್ಯಾಲ ಬಾಯಿಗೆ ಬಂದದ್ದು ಹಾಡಿದೆ. ನೀವು ಬರ್ತೀರೋ ಇಲ್ಲೋ ಗೊತ್ತಿರಲಿಲ್ರಿ ನನಗ."

ಅವಳ ಕೈ ಹಿಡಿದುಕೊಂಡು ಕೂತೆ. ಬೂದಿಚುಕ್ಕಿಯನ್ನು ನೋಡುತ್ತ ನಾನೂ ಹೆಬ್ಬಾರನೂ ನಗುನಗುತ್ತ ಚಹಾ ಕುಡಿಯುತ್ತಿದ್ದಾಗ, ಇಲ್ಲಿ ಈ ಮುದುಕಿ ಹಾಡು ನಿಲ್ಲಿಸದೆ ಕೂತಿದ್ದಳು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ನಿಯಂತ್ರಣ ಕೋಣೆಯಿಂದ ಹೆಬ್ಬಾರ.

"ಡಾಕ್ಟ್ರೇ, ಬೆಟಗೇರಿಯಲ್ಲಿ ಒಂದು ಚುಕ್ಕಿ ಕೆಂಪಾಗಿದೆ. ಉಸಿರಿಲ್ಲ, ಮೈ ತಣ್ಣಗೆ. ನೀವಿರುವ ಮನೆಯೇ. ಕಲ್ಲು ಅಲ್ವಾ ಅದು?"

ತೊಟ್ಟಿಲ ಕಡೆ ನೋಡಿದೆ. ದಾನೇಶ್ವರಿ ನಗುತ್ತ, ಕಲ್ಲಿಗೆ ಹಾಕಿದ ಕೊಂಡಿಯ ಮೇಲೆ ಕುಂಚಿಗೆ ಎಳೆಯುತ್ತಿದ್ದಳು. ಅವಳ ತೋಳಿನಲ್ಲಿ ಕೂಸು ಕಾಲು ಝಾಡಿಸುತ್ತ ಮನೆ ಹಾರಿಹೋಗುವಂತೆ ಕಿರುಚುತ್ತಿತ್ತು.

"ಹೌದ್ರಿ, ಕಲ್ಲ" ಎಂದೆ.

"ಹಾಗಾದ್ರೆ ಗಾಡಿ?"

"ಕಳಸ್ರಿ. ಕಲ್ಲಾದ್ರೂ ಕಳಸ್ರಿ. ಮೌಲಾಸಾಬನ ಪಾಲಿನ ಹೋಳಿಗಿ ಇಲ್ಲೇ ಅದಾವ."